ಆರೋಗ್ಯಕ್ಕಾಗಿ ಸ್ಮಾರ್ಟ್ ವಾಚ್: ಕೊಳ್ಳುವ ಮೊದಲು ತಿಳಿಯಬೇಕಾದುದು

ಚಿನಕುರಳಿ, ಪಾಂಡವಪುರ ಸೀಮೆಯ ಭಕ್ತರು ಇತ್ತೀಚೆಗೆ ಚಿಕಿತ್ಸೆಗೆಂದು ಬಂದಾಗ, ನಾವು ನಾಡಿ ಹಿಡಿಯುವ ಮೊದಲೇ ಮಣಿಕಟ್ಟಿನ ಗಡಿಯಾರವನ್ನು ಮುಂದೆ ಚಾಚುವುದು ಸಾಮಾನ್ಯವಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ಉಡುಗೊರೆಯಾಗಿ ಕೊಟ್ಟ ಸ್ಮಾರ್ಟ್ ವಾಚ್ ಅದಾಗಿರುತ್ತದೆ. ಇನ್ನು ಕೆಲವರು ಕೊಳ್ಳುವ ಮೊದಲು ಸಲಹೆ ಕೇಳುತ್ತಾರೆ. "ಇದರಿಂದ ನಿಜವಾಗಿ ಪ್ರಯೋಜನವಿದೆಯೇ? ಇದು ಹೇಳುವ ಲೆಕ್ಕವನ್ನು ನಂಬಬಹುದೇ?" ಎಂಬುದು ಎಲ್ಲರ ಪ್ರಶ್ನೆ. ಹಲವರು ಕೇಳಿದ ಪ್ರಶ್ನೆಯಾದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಅದನ್ನೇ ವಿವೇಚಿಸೋಣ.

ಈ ಪ್ರಶ್ನೆಯ ಹಿಂದೆ ಒಂದು ಭಯವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದಾಗ ನಾಡಿನ ಯುವಜನರು ಬೆಚ್ಚಿದರು. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿಗೆ ಹೊಂದಿಕೊಂಡೇ ಇರುವ ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಹಠಾತ್ ಸಾವುಗಳ ಸುದ್ದಿ ಬಂದಿತು. ಆಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸರದಿ ನಿಂತುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಆ ಜಿಲ್ಲೆಯಲ್ಲಿ ಹೃದ್ರೋಗವು ಅಸಾಧಾರಣವಾಗಿ ಏರಿಲ್ಲವೆಂದು ವರದಿ ಕೊಟ್ಟಿತು. ಮೃತರಲ್ಲಿ ಹಲವರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂತಹ ಪರಿಚಿತ ಕಾರಣಗಳೇ ಇದ್ದುದನ್ನೂ ಗುರುತಿಸಿತು. ಆದರೆ ಭಯವು ವರದಿಗಿಂತ ವೇಗವಾಗಿ ಹರಡುತ್ತದೆ. ಭಯಗೊಂಡ ಮನೆಗೆ, ಹೃದಯವನ್ನು ಹಗಲಿರುಳು ಕಾಯುವುದಾಗಿ ಹೇಳಿಕೊಳ್ಳುವ ಗಡಿಯಾರವು ಸುಲಭವಾದ ಪರಿಹಾರದಂತೆ ಕಾಣುತ್ತದೆ.

ಅದು ಪರಿಹಾರವೇ ಎಂಬುದನ್ನು ತಿಳಿಯಲು, ಯಂತ್ರವು ಏನನ್ನು ಅಳೆಯುತ್ತದೆ, ಏನನ್ನು ಊಹಿಸುತ್ತದೆ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಯಂತ್ರವು ಅಳೆಯುವುದು ಏನನ್ನು?

ನಾಡಿ ನೋಡಿ ದೇಹಸ್ಥಿತಿಯನ್ನು ತಿಳಿಯುವ ಕ್ರಮ ನಮ್ಮ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡೀಪರೀಕ್ಷೆಯ ವಿವರಣೆಯಿದೆ. ನಾಡಿಗೂ ಗಡಿಯಾರಕ್ಕೂ ಸಂಬಂಧ ಕಲ್ಪಿಸಿದ್ದು ಸಹ ಹಳೆಯದೇ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಎಂಬಾತ ನಾಡಿಬಡಿತ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಮಾಡಿಸಿ, 1707ರಲ್ಲಿ ಅದರ ಕುರಿತು ಗ್ರಂಥವನ್ನು ಪ್ರಕಟಿಸಿದನು.

ಇಂದಿನ ಸ್ಮಾರ್ಟ್ ವಾಚನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುವುದು ಕಾಣುತ್ತದೆ. ರಕ್ತವು ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗಿನ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಒಂದಿಷ್ಟು ಹೆಚ್ಚುವುದರಿಂದ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ಯಂತ್ರವು ನಾಡಿಬಡಿತ ಹೇಳುತ್ತದೆ. ಕೆಂಪು ಮತ್ತು ಅವಕೆಂಪು ಬೆಳಕಿನಿಂದ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಇನ್ನೊಂದು ಪುಟ್ಟ ಸಂವೇದಕವು ಕೈಯ ಚಲನೆಯನ್ನು ಮೂರು ದಿಕ್ಕುಗಳಲ್ಲಿ ಗ್ರಹಿಸಿ, ಲಯಬದ್ಧವಾದ ತೂಗಾಟವನ್ನು ಹೆಜ್ಜೆಯೆಂದು ಎಣಿಸುತ್ತದೆ.

ಸಾಮಾನ್ಯ ಬೆಲೆಯ ಗಡಿಯಾರದಲ್ಲಿ ನಿಜವಾಗಿ ಅಳೆಯಲ್ಪಡುವುದು ಈ ಎರಡೇ: ಬೆಳಕು ಮತ್ತು ಚಲನೆ. ತೆರೆಯ ಮೇಲೆ ಕಾಣುವ ಕ್ಯಾಲೊರಿ, ಗಾಢನಿದ್ರೆ, ಮನಸ್ಸಿನ ಒತ್ತಡ, ದೇಹದ ವಯಸ್ಸು ಇವೆಲ್ಲವೂ ಬಹುಮಟ್ಟಿಗೆ ಈ ಎರಡರಿಂದ ಗಣಕವು ಕಟ್ಟಿದ ಊಹೆಗಳು.

ಎಷ್ಟರಮಟ್ಟಿಗೆ ನಂಬಬಹುದು?

ನಾಡಿಬಡಿತ: ವಿಶ್ರಾಂತಿಯಲ್ಲಿರುವಾಗ ತಕ್ಕಮಟ್ಟಿಗೆ ನಂಬಬಹುದು. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಏಳು ಬಗೆಯ ಯಂತ್ರಗಳನ್ನು ಪರೀಕ್ಷಿಸಿದಾಗ ಆರು ಯಂತ್ರಗಳ ನಾಡಿಲೆಕ್ಕದ ತಪ್ಪು ಶೇ. 5ರೊಳಗಿತ್ತು. ಆದರೆ ಪಟ್ಟಿ ಸಡಿಲವಿದ್ದಾಗ, ಬೆವರಿದಾಗ, ಕೈ ಬಿರುಸಾಗಿ ಆಡುವಾಗ ಲೆಕ್ಕ ಕೆಡುತ್ತದೆ.

ಕ್ಯಾಲೊರಿ: ನಂಬಲಾಗದು. ಅದೇ ಪರೀಕ್ಷೆಯಲ್ಲಿ ಅತ್ಯುತ್ತಮವೆನಿಸಿದ ಯಂತ್ರವೂ ವ್ಯಯಿಸಿದ ಶಕ್ತಿಯ ಲೆಕ್ಕದಲ್ಲಿ ಸರಾಸರಿ ಶೇ. 27ರಷ್ಟು ತಪ್ಪಿತು. ಅತ್ಯಂತ ಹಿಂದುಳಿದುದರ ತಪ್ಪು ಶೇ. 93. "ಇಂದು ಐನೂರು ಕ್ಯಾಲೊರಿ ಕರಗಿದೆ" ಎಂಬ ಸೂಚನೆಯನ್ನು ನಂಬಿ ಎರಡು ಹೋಳಿಗೆ ಹೆಚ್ಚು ತಿನ್ನುವವರು ಇದನ್ನು ನೆನಪಿಡಬೇಕು.

ಹೆಜ್ಜೆ: ಕೈಬೀಸಿ ನಡೆಯುವವರಲ್ಲಿ ಲೆಕ್ಕ ಸರಿಯಿರುತ್ತದೆ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಕೈಯಿಂದ ಹಿಡಿದು ನಡೆಯುವ ತಾಯಂದಿರ ಹೆಜ್ಜೆಗಳು ಪೂರ್ತಿ ದಾಖಲಾಗುವುದಿಲ್ಲ. ಸೈಕಲ್ ತಳ್ಳಿಕೊಂಡು ಹೋಗುವವರದೂ ಹಾಗೆಯೇ. ಅತ್ತ ಹಳ್ಳಬಿದ್ದ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕುಳಿತವನಿಗೆ ನಡೆಯದ ಹೆಜ್ಜೆಗಳೂ ಜಮೆಯಾಗಬಹುದು. ಗದ್ದೆಯಲ್ಲಿ ಬಾಗಿ ನಾಟಿ ಹಾಕುವ ಶ್ರಮವನ್ನು ಅಳೆಯುವ ಬಗೆ ಈ ಯಂತ್ರಕ್ಕೆ ತಿಳಿಯದು.

ನಿದ್ರೆ: ಎಷ್ಟು ಹೊತ್ತು ಮಲಗಿದಿರಿ ಎಂಬುದನ್ನು ಸುಮಾರಾಗಿ ಹೇಳಬಲ್ಲದು. ಗಾಢನಿದ್ರೆ, ಸ್ವಪ್ನನಿದ್ರೆಗಳನ್ನು ಸರಿಯಾಗಿ ಗುರುತಿಸಲು ಮಿದುಳಿನ ವಿದ್ಯುತ್ ತರಂಗಗಳನ್ನೇ ದಾಖಲಿಸಬೇಕು. ಗಡಿಯಾರದ ನಿದ್ರಾಂಕವನ್ನು ನೋಡಿ ಚಿಂತಿಸಿ, ಆ ಚಿಂತೆಯಿಂದಲೇ ನಿದ್ರೆಗೆಡುವವರನ್ನು ಪಾಶ್ಚಾತ್ಯ ವೈದ್ಯರು 2017ರಿಂದ ಪ್ರತ್ಯೇಕ ಹೆಸರಿಟ್ಟು ಗುರುತಿಸತೊಡಗಿದ್ದಾರೆ. ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿದ್ದು ಮನಸ್ಸು ಪ್ರಸನ್ನವಾಗಿದ್ದರೆ ನಿದ್ರೆ ಸಾಕಷ್ಟಾಗಿದೆ ಎಂದೇ ತಿಳಿಯಬೇಕು.

ರಕ್ತದೊತ್ತಡ: ಇಲ್ಲಿ ಅತಿ ಹೆಚ್ಚಿನ ಎಚ್ಚರ ಬೇಕು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದೇ ವಿಶ್ವಾಸಾರ್ಹ ಕ್ರಮ. ಬೆಳಕಿನಿಂದ ರಕ್ತದೊತ್ತಡ ಅಂದಾಜಿಸುವ ಒಂದು ಹೆಸರಾಂತ ಕಂಪನಿಯ ದುಬಾರಿ ಗಡಿಯಾರವೂ ಪ್ರತಿ ನಾಲ್ಕು ವಾರಕ್ಕೊಮ್ಮೆ ತೋಳುಪಟ್ಟಿಯ ಯಂತ್ರದೊಡನೆ ಹೊಂದಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಹಾಗಿರುವಾಗ ಯಾವ ಹೊಂದಾಣಿಕೆಯೂ ಇಲ್ಲದೆ ಎರಡು ಸಾವಿರ ರೂಪಾಯಿಯ ಗಡಿಯಾರ ತೋರಿಸುವ 120/80 ಎಂಬ ಅಂಕಿಯನ್ನು ನಂಬಿ ಯಾರೂ ಮಾತ್ರೆಯನ್ನು ನಿಲ್ಲಿಸಬಾರದು. ಅದು ಅಲೋಪತಿಯ ಮಾತ್ರೆಯಿರಲಿ, ಆಯುರ್ವೇದದ ಔಷಧವಿರಲಿ, ನಿಯಮ ಒಂದೇ.

ಸಕ್ಕರೆಯ ಅಂಶ: ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುವುದಾಗಿ ಹೇಳುವ ಗಡಿಯಾರ, ಉಂಗುರಗಳನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಅಂತಹ ಯಾವ ಸಾಧನಕ್ಕೂ ತಾನು ಅನುಮತಿ ನೀಡಿಲ್ಲವೆಂದು ಆಗ ಅದು ಸ್ಪಷ್ಟಪಡಿಸಿತು. ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚಿಸಿಕೊಂಡ ಮಧುಮೇಹಿಯು ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಅಪಾಯವಾಗಬಹುದು.

ಹತ್ತು ಸಾವಿರ ಹೆಜ್ಜೆಯ ಹಿನ್ನೆಲೆ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯದಿದ್ದರೆ ಆರೋಗ್ಯವಿಲ್ಲವೆಂದು ಅನೇಕರು ನಂಬಿದ್ದಾರೆ. ಈ ಸಂಖ್ಯೆ ವೈದ್ಯಶಾಸ್ತ್ರದ ಪ್ರಯೋಗದಿಂದ ಬಂದುದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ನಂತರ, 1965ರಲ್ಲಿ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು "ಮಾನ್ಪೊ-ಕೇ". ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ಆ ಹೆಸರೇ ಮುಂದೆ ನಿಯಮವಾಯಿತು.

2019ರಲ್ಲಿ ಅಮೆರಿಕದ ಹಿರಿಯ ವಯಸ್ಸಿನ ಮಹಿಳೆಯರ ಕುರಿತು ಪ್ರಕಟವಾದ ಅಧ್ಯಯನವು ಬೇರೆಯದನ್ನೇ ಹೇಳಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆದುದರಿಂದ ಮಂಡಿನೋವಿನ ಹಿರಿಯರು ಗಡಿಯಾರದ ವೃತ್ತ ತುಂಬಲಿಲ್ಲವೆಂದು ರಾತ್ರಿ ಹತ್ತು ಗಂಟೆಗೆ ಅಂಗಳದಲ್ಲಿ ಸುತ್ತುವ ಅಗತ್ಯವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸಿದೆ. ನಿಮಿಷಕ್ಕೆ ಸುಮಾರು ನೂರು ಹೆಜ್ಜೆಯ ನಡಿಗೆ ಮಧ್ಯಮ ಶ್ರಮವೆನಿಸುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಹೀಗೆ ನಡೆದರೆ ಸಾಕು. ಗೋಡೆಯ ಗಡಿಯಾರ ನೋಡಿಕೊಂಡು ಒಂದು ನಿಮಿಷ ಹೆಜ್ಜೆ ಎಣಿಸಿದರೆ ತಮ್ಮ ವೇಗ ಯಾರಿಗಾದರೂ ತಿಳಿಯುತ್ತದೆ. ಜೇಬಿನಲ್ಲಿರುವ ಸ್ಮಾರ್ಟ್ ಫೋನ್ ಸಹ ಹೆಜ್ಜೆಗಳನ್ನು ಎಣಿಸುತ್ತದೆ. ಅದಕ್ಕೆ ಬೇರೆ ಖರ್ಚಿಲ್ಲ.

ಅರ್ಧಶಕ್ತಿಯ ನಿಯಮ

ವ್ಯಾಯಾಮದ ಮಿತಿಯನ್ನು ನಮ್ಮ ಆಚಾರ್ಯರು ಸಂಖ್ಯೆಯಿಂದ ಹೇಳದೆ ದೇಹದ ಲಕ್ಷಣಗಳಿಂದ ಹೇಳಿದ್ದಾರೆ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಸುಶ್ರುತ, ವಾಗ್ಭಟರ ಅಭಿಪ್ರಾಯ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿದಾಗ, ಬಾಯಿ ಒಣಗತೊಡಗಿದಾಗ, ಉಸಿರು ಬಾಯಿಯಿಂದ ಬರತೊಡಗಿದಾಗ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಹೇಮಂತ, ಶಿಶಿರ, ವಸಂತಗಳಲ್ಲಿ ಈ ಮಿತಿಯವರೆಗೆ ಹೋಗಬಹುದು. ಬೇಸಿಗೆ ಮತ್ತು ಮಳೆಗಾಲಗಳಲ್ಲಿ ಇನ್ನೂ ಕಡಿಮೆ ಮಾಡಬೇಕು. ಮಿತಿಮೀರಿದ ವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಶ್ವಾಸ, ಕೆಮ್ಮು, ಜ್ವರಗಳು ಬರುತ್ತವೆಂದು ವಾಗ್ಭಟನು ಎಚ್ಚರಿಸಿದ್ದಾನೆ.

ಗಡಿಯಾರಕ್ಕೆ ಋತು ತಿಳಿಯದು. ಹಿಂದಿನ ರಾತ್ರಿ ಜ್ವರವಿತ್ತೇ, ಉಪವಾಸವಿತ್ತೇ ಎಂಬುದೂ ತಿಳಿಯದು. ಡಿಸೆಂಬರಿನ ಚಳಿಯಲ್ಲಿಯೂ ಏಪ್ರಿಲ್ ಬಿಸಿಲಿನಲ್ಲಿಯೂ ಅದು ಒಂದೇ ಗುರಿಯನ್ನು ಮುಂದಿಡುತ್ತದೆ. ಕುಂತಿಬೆಟ್ಟ ಏರುವಾಗ ಜೊತೆಯವರೊಡನೆ ಮಾತನಾಡಲು ಆಗುತ್ತಿದ್ದರೆ ಶ್ರಮ ಮಿತಿಯಲ್ಲಿದೆ. ಮಾತು ತುಂಡಾಗುತ್ತಿದ್ದರೆ ನಿಲ್ಲಬೇಕು. ಈ ಪರೀಕ್ಷೆಯನ್ನು ಇಂದಿನ ವೈದ್ಯರೂ ಬಳಸುತ್ತಾರೆ.

ತೂಕ ಇಳಿಯುವುದೇ?

ಗಡಿಯಾರ ಕಟ್ಟಿಕೊಂಡ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಅಮೆರಿಕದಲ್ಲಿ ಸುಮಾರು 470 ಯುವ ವಯಸ್ಕರ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆಹಾರ, ವ್ಯಾಯಾಮಗಳ ಮಾರ್ಗದರ್ಶನವಿತ್ತು. ಕೆಲವು ತಿಂಗಳ ನಂತರ ಅರ್ಧ ಮಂದಿಗೆ ದೇಹಕ್ಕೆ ಧರಿಸುವ ಮಾಪಕವನ್ನೂ ಕೊಡಲಾಯಿತು. ಕೊನೆಯಲ್ಲಿ ಮಾಪಕ ಧರಿಸಿದವರು ಸರಾಸರಿ 3.5 ಕಿ.ಗ್ರಾಂ., ಧರಿಸದವರು 5.9 ಕಿ.ಗ್ರಾಂ. ಇಳಿದಿದ್ದರು. ಇದರಿಂದ ಮಾಪಕವೇ ಹಾನಿಕರವೆಂದು ತೀರ್ಮಾನಿಸಬೇಕಿಲ್ಲ. ಊಟದ ಹಿತಮಿತ ಮತ್ತು ದಿನಚರಿಯ ಸ್ಥಾನವನ್ನು ಅದು ತುಂಬಲಾರದು ಎಂಬುದಷ್ಟೇ ತಾತ್ಪರ್ಯ.

ಎಲ್ಲಕ್ಕಿಂತ ದೊಡ್ಡ ಅಪಾಯ: ಹುಸಿ ಧೈರ್ಯ

ಈ ಲೇಖನದಲ್ಲಿ ಭಕ್ತರು ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕು: ಯಾವ ಸ್ಮಾರ್ಟ್ ವಾಚೂ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಇಸಿಜಿ ಸೌಲಭ್ಯವುಳ್ಳ ಅತಿ ದುಬಾರಿ ಗಡಿಯಾರವಾದ ಆಪಲ್ ವಾಚ್‌ನ ತಯಾರಕರೇ ಇದನ್ನು ತಮ್ಮ ಸೂಚನೆಗಳಲ್ಲಿ ತಿಳಿಸಿದ್ದಾರೆ.

ಕಾರಣ ಸರಳವಾಗಿದೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ತಡೆಯುಂಟಾಗುವುದು. ತಡೆಯಾದ ಕೂಡಲೇ ನಾಡಿಯ ವೇಗ ಬದಲಾಗಲೇಬೇಕೆಂದಿಲ್ಲ. ನಿಮಿಷಕ್ಕೆ 78 ಬಡಿತ, ಆಮ್ಲಜನಕ ಶೇ. 98 ಎಂದು ತೆರೆ ತೋರಿಸುತ್ತಿರುವಾಗಲೇ ಹೃದಯದ ಸ್ನಾಯು ಸಾಯುತ್ತಿರಬಹುದು. ಆಸ್ಪತ್ರೆಯ ಇಸಿಜಿಯು ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತದೆ. ಗಡಿಯಾರದ ಇಸಿಜಿ ನೋಡುವುದು ಒಂದೇ ಕೋನದಿಂದ.

ಆದುದರಿಂದ ಎದೆಯಲ್ಲಿ ಬಿಗಿತ ಅಥವಾ ಭಾರ, ಎಡತೋಳು, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಉಬ್ಬಸ ಕಂಡರೆ ಗಡಿಯಾರ ನೋಡುತ್ತ ಕೂರಬಾರದು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಬೆಳಗಾಗಲೆಂದು ಕಾಯುವುದೂ, ನಮ್ಮಂತಹ ವೈದ್ಯರಲ್ಲಿಗೆ ಕಷಾಯಕ್ಕಾಗಿ ಬರುವುದೂ ಸಲ್ಲದು. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆಗಳಷ್ಟೇ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ. ಆ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಎಷ್ಟು ಬೇಗ ಸಿಕ್ಕಿತೋ ಅಷ್ಟು ಫಲ.

ಹಾಗಾದರೆ ಯಾರಿಗೆ ಪ್ರಯೋಜನ?

ಗಡಿಯಾರವು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಹೃದಯದ ಬಡಿತ ಲಯತಪ್ಪುವ ಒಂದು ಬಗೆಯ ಕಾಯಿಲೆ ಹಿರಿಯರಲ್ಲಿ ಕಾಣುತ್ತದೆ. ಅದು ಲಕ್ಷಣ ತೋರದೆಯೇ ಇದ್ದು ಮುಂದೆ ಪಾರ್ಶ್ವವಾಯುವಿಗೆ ಕಾರಣವಾಗಬಹುದು. ಇದನ್ನು ಸೂಚಿಸುವ ಶಕ್ತಿ ಉತ್ತಮ ಗಡಿಯಾರಗಳಿಗಿದೆ. 2019ರಲ್ಲಿ ಪ್ರಕಟವಾದ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡ ಅಧ್ಯಯನದಲ್ಲಿ, 65 ದಾಟಿದವರಲ್ಲಿ ಶೇ. 3.1ರಷ್ಟು ಮಂದಿಗೆ ಲಯತಪ್ಪಿದ ಸೂಚನೆ ಬಂದಿತು. 40ರೊಳಗಿನವರಲ್ಲಿ ಅದು ಶೇ. 0.16 ಮಾತ್ರ. ಭಯದಿಂದ ಗಡಿಯಾರ ಕೊಳ್ಳುವವರಲ್ಲಿ ಹೆಚ್ಚಿನವರು ಯುವಕರು. ಈ ಸೂಚನೆಯಿಂದ ಪ್ರಯೋಜನವಾಗಬಹುದಾದವರು ಹಿರಿಯರು.

ಒಂಟಿಯಾಗಿ ವಾಸಿಸುವ ವೃದ್ಧರಿಗೆ, ಬಿದ್ದಾಗ ಮಕ್ಕಳಿಗೆ ತಾನೇ ಸುದ್ದಿ ಮುಟ್ಟಿಸುವ ಗಡಿಯಾರ ಆಸರೆಯಾಗಬಲ್ಲದು. ಆದರೆ ತೋಟದ ಮನೆಯಲ್ಲಿ ಮೊಬೈಲ್ ಸಂಪರ್ಕ ಇದೆಯೇ ಎಂದು ಮೊದಲು ನೋಡಬೇಕು. ಇಡೀ ದಿನ ಅಂಗಡಿಯ ಗಲ್ಲದ ಮುಂದೆ, ಕಚೇರಿಯ ಮೇಜಿನ ಮುಂದೆ ಕುಳಿತಿರುವವರಿಗೆ "ಎದ್ದು ನಡೆಯಿರಿ" ಎಂಬ ಜ್ಞಾಪನೆಯಿಂದ ಲಾಭವಿದೆ. ಕಬ್ಬು ಕಡಿಯುವವರಿಗೆ, ಆಲೆಮನೆಯಲ್ಲಿ ದುಡಿಯುವವರಿಗೆ, ನಾಲೆಯ ಬದಿಯಲ್ಲಿ ನೀರು ಕಟ್ಟಲು ಓಡಾಡುವವರಿಗೆ ನಡಿಗೆಯ ಜ್ಞಾಪನೆ ಬೇಕಿಲ್ಲ. ಅವರಿಗೆ ಬೇಕಾದುದು ಸಾಕಷ್ಟು ನೀರು, ವಿಶ್ರಾಂತಿ, ಬೀಡಿ-ಮದ್ಯಗಳಿಂದ ದೂರವಿರುವುದು.

ಕೊಳ್ಳುವ ಮೊದಲು

1. "ಇದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕು? ಉತ್ತರ ಸಿಕ್ಕರೆ ನಾನು ಏನು ಬದಲಿಸುವೆ?" ಎಂದು ತಮ್ಮನ್ನೇ ಕೇಳಿಕೊಳ್ಳಿರಿ. ಎರಡಕ್ಕೂ ಸ್ಪಷ್ಟ ಉತ್ತರವಿಲ್ಲದಿದ್ದರೆ ಕೊಳ್ಳಬೇಡಿರಿ.

2. ಮನೆಯಲ್ಲಿ ರಕ್ತದೊತ್ತಡದ ರೋಗಿಯಿದ್ದರೆ ಅದೇ ಹಣಕ್ಕೆ ತೋಳಿಗೆ ಕಟ್ಟುವ ರಕ್ತದೊತ್ತಡ ಮಾಪಕವನ್ನು ಮೊದಲು ತನ್ನಿರಿ. ಐದು ನಿಮಿಷ ಮಾತಿಲ್ಲದೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಅಳೆಯಬೇಕು. ಮತ್ತೆ ಮತ್ತೆ 140/90 ದಾಟಿದರೆ ವೈದ್ಯರನ್ನು ಕಾಣಬೇಕು.

3. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿದೆ. ವರ್ಷಕ್ಕೊಮ್ಮೆಯಾದರೂ ಮಾಡಿಸಿರಿ.

4. ಒಂದು ವಾರ ಫೋನಿನಿಂದಲೇ ಹೆಜ್ಜೆ ಎಣಿಸಿ ನೋಡಿರಿ. ಒಂದು ವಾರದಲ್ಲಿ ಆಸಕ್ತಿ ಕುಂದಿದರೆ ಗಡಿಯಾರವೂ ಮೂಲೆ ಸೇರುವುದು ನಿಶ್ಚಿತ.

5. ಬೆಲೆ ಕಡಿಮೆಯಿದ್ದು, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ಅಳೆಯುವುದಾಗಿ ಜಾಹೀರಾತು ಕೊಡುವುದನ್ನು ಬಿಡಿರಿ. ನಾಡಿಬಡಿತ, ಹೆಜ್ಜೆಗಳನ್ನಷ್ಟೇ ಸರಿಯಾಗಿ ತೋರಿಸಿ, ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡ ಅಕ್ಷರವುಳ್ಳ ಸರಳ ಬ್ಯಾಂಡ್ ಸಾಕು.

6. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ತಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಧರಿಸಬಾರದು.

7. ಬೆವರು, ಸಾಬೂನು ಪಟ್ಟಿಯಡಿ ನಿಂತರೆ ಚರ್ಮ ಕೆರೆಯುತ್ತದೆ. ದಿನಕ್ಕೊಮ್ಮೆ ಬಿಚ್ಚಿ, ತೊಳೆದು, ಒಣಗಿಸಿ ಕಟ್ಟಬೇಕು.

8. ನಿಮ್ಮ ನಾಡಿ, ನಿದ್ರೆ, ಓಡಾಟಗಳ ವಿವರ ಕಂಪನಿಯ ಕೈಸೇರುತ್ತದೆ ಎಂಬುದನ್ನು ಅರಿತೇ ಒಪ್ಪಿಗೆ ನೀಡಬೇಕು.

ಈಗಾಗಲೇ ಗಡಿಯಾರವಿದ್ದವರು ಅದನ್ನು ಬಿಸಾಡಬೇಕಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಎದ್ದೊಡನೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ನಿಮಿಷ ತಮ್ಮ ನಾಡಿಯನ್ನು ತಾವೇ ಎಣಿಸಿ, ಗಡಿಯಾರದ ಲೆಕ್ಕದೊಡನೆ ಹೋಲಿಸಲಿ. ವಯಸ್ಕರಲ್ಲಿ ವಿಶ್ರಾಂತಿಯ ಬಡಿತ ಸಾಮಾನ್ಯವಾಗಿ 60ರಿಂದ 100ರವರೆಗೆ ಇರುತ್ತದೆ. ದುಡಿದು ಗಟ್ಟಿಯಾದ ದೇಹದವರಲ್ಲಿ ಇನ್ನೂ ಸ್ವಲ್ಪ ಕಡಿಮೆಯಿದ್ದರೂ ಆಯಾಸವಿಲ್ಲದಿದ್ದರೆ ಚಿಂತೆಯಿಲ್ಲ. ಬಡಿತಗಳ ನಡುವಿನ ಅಂತರ ಒಮ್ಮೊಮ್ಮೆ ಒಂದೊಂದು ಬಗೆಯಾಗಿದ್ದು ಲಯವೇ ಸಿಗದಿದ್ದರೆ ಇಸಿಜಿ ಮಾಡಿಸಬೇಕು. ಹೀಗೆ ಬೆರಳಿನಿಂದ ನಾಡಿ ಎಣಿಸುವುದನ್ನು ಮನೆಯ ಮಕ್ಕಳಿಗೂ ಕಲಿಸಿರಿ.